ಗುರುಶಾಂತಪ್ಪನವರ ಹಲ್ಲು

ನಮ್ಮ ಯಜಮಾನರು ಐವತ್ತಾರನೆಯ ವಯಸ್ಸಿನಲ್ಲಿ, ಸಂಕ್ರಾಂತಿಯ ದಿನ, ನನ್ನ ತಮ್ಮನ ಎದುರು ಪಂತ ಕಟ್ಟಿ ಕಬ್ಬನ್ನು ಹಲ್ಲಿನಲ್ಲೇ ಸಿಗಿಯಲು ಹೋಗಿ ಮೇಲ್ಸಾಲಿನ ಮುಂದಿನ ನಾಲ್ಕು ಹಲ್ಲು ಕಳೆದುಕೊಂಡರು. ಎರಡು ಕಬ್ಬಿಗೇ ಕಚ್ಚಿಕೊಂಡು ಹೊರಗೆ ಬಂದವು. ಓಲಾಡುತ್ತಿದ್ದ ಇನ್ನೆರಡನ್ನು ಡಾಕ್ಟರು ಕಿತ್ತರು. ಕಬ್ಬು ಮಾತ್ರ ಹಾಗೇ ಇತ್ತು. ಬೇರೆ ಊರಾಗಿದ್ದರೆ ನಾನು ನಾಲ್ಕು ದಿನ ಬೈದು, ಮೆತ್ತಗೆ ಅನ್ನ ಬೇಯಿಸಿ ಹಾಕಿ ಸುಮ್ಮನಾಗುತ್ತಿದ್ದೆ. ನಮ್ಮೂರಿನಲ್ಲಿ ಹಾಗೆ ಸುಮ್ಮನಾಗುವಂತಿಲ್ಲ.

ನಮ್ಮೂರಿನಲ್ಲಿ ಯಾರೂ ರುಜು ಹಾಕುವುದಿಲ್ಲ, ಹೆಬ್ಬೆಟ್ಟೂ ಒತ್ತುವುದಿಲ್ಲ. ಹೂಂ ಎನ್ನಬೇಕಾದರೆ ಹಳದಿ ಮೇಣದ ಬಿಲ್ಲೆ ಕಚ್ಚುತ್ತೇವೆ, ಊಹೂಂ ಎನ್ನಬೇಕಾದರೆ ಕಪ್ಪು ಮೇಣದ್ದು. ಮದುವೆಗೂ ಅದೇ, ಮನೆ ಪಾಲಿಗೂ ಅದೇ, ನಲ್ಲಿ ಹಾಕಿಸುವುದಕ್ಕೂ ಅದೇ. ಮೇಲ್ಸಾಲಿನ ಮುಂದಿನ ಆರು ಹಲ್ಲಿನ ಗುರುತು ಹಳೆಯ ಗುರುತಿಗೆ ಹೊಂದಿದರೆ ನೀವು ನೀವೇ. ಹೊಂದದಿದ್ದರೆ ನಿಮ್ಮ ಮುಖ ಯಾರದಿದ್ದರೂ ಕೇಳುವವರಿಲ್ಲ. ಬಿಲ್ಲೆಗಳೆಲ್ಲ ಪೇಟೆ ಬೀದಿಯ ಅಚ್ಚಿನ ಮನೆಯ ಮರದ ಗೂಡುಗಳಲ್ಲಿರುತ್ತವೆ. ಬೇಸಿಗೆಯಲ್ಲಿ ಕರಗಬಾರದೆಂದು ಕಿಟಕಿಗೆ ಒದ್ದೆ ಗೋಣಿ ಕಟ್ಟಿರುತ್ತಾರೆ. ಅದನ್ನು ನೋಡಿಕೊಳ್ಳುವವರು ಕರಿಬಸಯ್ಯ.

ಹೀಗಾಗಿ ಇಲ್ಲಿ ಮುಂಬಲ್ಲು ಹೋದವರು ಮೊದಲು ಅಚ್ಚಿನ ಮನೆಗೆ ಹೋಗಿ ತಮ್ಮ ಹಳೆಯ ಬಿಲ್ಲೆಯ ನಕಲು ತೆಗೆಸಿಕೊಂಡು, ಆಮೇಲೆ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತಾರೆ. ಡಾಕ್ಟರು ಅಕ್ಕಪಕ್ಕದ ಗಟ್ಟಿ ಹಲ್ಲುಗಳನ್ನು ಅರೆದು ಸಣ್ಣದು ಮಾಡಿ, ಅವುಗಳ ಮೇಲೆ ಟೋಪಿ ಕೂರಿಸಿ, ಎರಡು ಟೋಪಿಗಳ ನಡುವೆ ಹುಸಿ ಹಲ್ಲು ಬರುವಂತೆ ಬ್ರಿಡ್ಜ್ ಮಾಡಿ ಅಂಟು ಹಾಕುತ್ತಾರೆ. ನಕಲಿನಲ್ಲಿ ಹೇಗಿದೆಯೋ ಹಾಗೇ. ಸೊಟ್ಟಗಿದ್ದರೆ ಸೊಟ್ಟ, ಸಂದಿಯಿದ್ದರೆ ಸಂದಿ. ಚೆಂದಕ್ಕೆ ಹಲ್ಲು ಕಟ್ಟಿಸುವ ಹುಚ್ಚು ನಮ್ಮೂರಿನಲ್ಲಿ ಯಾರಿಗೂ ಇರಲಿಲ್ಲ, ನಮ್ಮ ಯಜಮಾನರು ಶಿವನಂಜಪ್ಪನವರನ್ನು ಬಿಟ್ಟು.

ಇವರಿಗೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದಿನವಿಡೀ ಕಂಡವರ ನಗುಮುಖಕ್ಕೆ ಗಾಜು ಕೂರಿಸಿ ಒರೆಸುವ ಕೆಲಸ. ಇವರ ಹಲ್ಲೋ, ಬಸ್ಸು ಹತ್ತಲು ನೂಕಾಡುವ ಜನರ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಮೂವತ್ತು ವರ್ಷದ ಸಂಸಾರದಲ್ಲಿ ಅದರ ಬಗ್ಗೆ ನಾನು ಒಂದು ಮಾತು ಆಡಿದವಳಲ್ಲ. ಇವರು ಮಾತ್ರ ಒಳಗೊಳಗೇ ಕೊರಗುತ್ತಿದ್ದರೆಂದು ಕಾಣುತ್ತದೆ. ಆ ವಿಷಯವನ್ನೂ ನನಗೆ ಹೇಳಿರಲಿಲ್ಲ. ಇವರು ಯಾವುದನ್ನು ತಾನೇ ಹೇಳಿ ಮಾಡಿದ್ದಾರೆ?

ಒಂದು ಸಂಜೆ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ನಕ್ಕರು. ನಾನು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟೆ. ಸಾಲಾಗಿ, ಬೆಳ್ಳಗೆ, ಅಳತೆ ಹಿಡಿದು ಜೋಡಿಸಿದಂಥ ಆರು ಹಲ್ಲು.

"ಇದು ಯಾರ ಹಲ್ಲು?" ಎಂದೆ.

"ನನ್ನದೇ ಕಣೆ. ಹೆಂಗಿದೆ?"

"ಹಳೇ ನಕಲು ಕೊಡ್ಲಿಲ್ವಾ ಡಾಕ್ಟ್ರಿಗೆ?"

"ಆ ದರಿದ್ರದ ಹಲ್ಲನ್ನ ಇನ್ನೊಂದ್ಸಲ ಕಟ್ಟಿಸ್ಕೋಬೇಕಾ? ಫಣಿರಾಜ ಡಾಕ್ಟ್ರ ಶಾಪಲ್ಲಿ ಒಂದು ಶೆಲ್ಫ್ ತುಂಬ ಸುಣ್ಣದ ಅಚ್ಚುಗಳಿವೆ. ಹಿಂದಿನ ಡಾಕ್ಟ್ರು ಬಿಟ್ಟು ಹೋಗಿದ್ದಂತೆ. ಅದ್ರಲ್ಲಿ ಒಂದು ನೋಡಿದೆ, ಇದೇ ಇರ್ಲಿ ಅಂದೆ. ನಾಳೆ ಅಚ್ಚಿನ ಮನೇಲಿ ಹೊಸ ಕಚ್ಚು ಬರೆಸಿದ್ರೆ ಮುಗೀತು."

ಸೀರೆ ಅಂಗಡಿಯಲ್ಲಿ ಬಣ್ಣ ಆರಿಸಿದಂತೆ ಆರಿಸಿಕೊಂಡು ಬಂದಿದ್ದರು. ನಾನೇನಾದರೂ ಜೊತೆಗಿದ್ದಿದ್ದರೆ ಆ ಶೆಲ್ಫಿನ ಹತ್ತಿರ ಹೋಗಲೂ ಬಿಡುತ್ತಿರಲಿಲ್ಲ. ಆದರೆ ನನ್ನನ್ನು ಕರೆದುಕೊಂಡು ಹೋಗುವುದಿರಲಿ, ಹೋಗುತ್ತೇನೆ ಎಂದೂ ಹೇಳಿರಲಿಲ್ಲ.

ಮರುದಿನ ನಾನೂ ಹಿಂದೆಯೇ ಹೋದೆ. ಕರಿಬಸಯ್ಯ ಹಳದಿ ಮೇಣದ ತುಂಡು ಕೊಟ್ಟರು, ಇವರು ಕಚ್ಚಿದರು. ಕರಿಬಸಯ್ಯ ಅದನ್ನು ಬೆಳಕಿಗೆ ಹಿಡಿದು ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿ, ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಧೂಳು ಹಿಡಿದ ಬಿಲ್ಲೆಯೊಂದನ್ನು ಹಿಡಿದುಕೊಂಡು ಬಂದರು. ಎರಡನ್ನೂ ಒಂದಕ್ಕೊಂದು ಕೂರಿಸಿದರು. ಡಬ್ಬಿಗೆ ಮುಚ್ಚಳ ಕೂತಂತೆ ಕೂತವು.

"ತಾವು ಗುರುಶಾಂತಪ್ಪನವರು" ಎಂದರು.

"ಏನ್ ಕರಿಬಸಯ್ಯ, ನನ್ನ ಗುರ್ತಿಲ್ವಾ? ನಿಮ್ಮ ಮಗನ ಮದುವೆ ಫೋಟೋಕ್ಕೆ ಕಟ್ಟು ಹಾಕ್ಕೊಟ್ಟೋನು ನಾನು."

"ಅದು ಶಿವನಂಜಪ್ಪನವರು. ಒಳ್ಳೇ ಮನುಷ್ಯರು, ಪಾಪ. ತಾವು ಮಂಡಿ ಬೀದಿಯ ಗುರುಶಾಂತಪ್ಪನವರು. ತಾವು ತೀರ್ಕೊಂಡು ಎಂಟು ವರ್ಷ ಆಯ್ತು ಸ್ವಾಮಿ."

ಗುರುಶಾಂತಪ್ಪನವರನ್ನು ನಾನೂ ಕಂಡಿದ್ದೆ. ಬೆಲ್ಲದ ಮಂಡಿಯವರು. ಒಳ್ಳೆಯ ಹಲ್ಲು, ಕೆಟ್ಟ ಬಾಯಿ. ನಮ್ಮೂರಿನಲ್ಲಿ ಸತ್ತವರ ಬಿಲ್ಲೆಗಳನ್ನು ಯಾರೂ ಕರಗಿಸುವುದಿಲ್ಲ, ಏಕೆಂದರೆ ಅವರು ಹೂಂ ಅಂದದ್ದು ಹೂಂ ಆಗಿಯೇ, ಊಹೂಂ ಅಂದದ್ದು ಊಹೂಂ ಆಗಿಯೇ ಉಳಿಯುತ್ತದೆ. ಇವರು ಆರಿಸಿಕೊಂಡಿದ್ದು ಅವರ ಬಾಯಿಯ ಅಚ್ಚು.

"ಈಗೇನು ಮಾಡೋದು?" ಎಂದು ನಾನೇ ಕೇಳಿದೆ. ಇವರು ಗೋಡೆಯ ಕನ್ನಡಿಯಲ್ಲಿ ಹಲ್ಲು ನೋಡಿಕೊಳ್ಳುತ್ತಿದ್ದರು.

"ಮಾಡೋದೇನಮ್ಮ ದಾಕ್ಷಾಯಣಮ್ಮ, ನಿಮ್ಮ ಮದುವೆ ಬಿಲ್ಲೆ ಒಳಗಿದೆ. ಒಂದು ಅಂಚಲ್ಲಿ ಶಿವನಂಜಪ್ಪನವರ ಕಚ್ಚು, ಇನ್ನೊಂದು ಅಂಚಲ್ಲಿ ನಿಮ್ಮದು. ನಕಲು ತೆಗೆದುಕೊಡ್ತೀನಿ. ಡಾಕ್ಟ್ರು ಈ ಬ್ರಿಡ್ಜ್ ಕೊಯ್ದು ತೆಗೆದು ಹಳೇ ಹಂಗೆ ಇನ್ನೊಂದು ಮಾಡ್ಲಿ. ಕಚ್ಚು ಹೊಂದ್ತು ಅಂದ್ರೆ ಎಲ್ಲಾ ಮೊದ್ಲಿನಂಗೆ. ಅಲ್ಲೀವರೆಗೆ ನಿಮ್ಮ ಯಜಮಾನರು ಊರಲ್ಲಿ ಇಲ್ಲ ಅಂತ ತಿಳ್ಕೊಳ್ಳಿ. ಇವರು ದೀಪ ಹಚ್ಚಿದ ಮೇಲೆ ನಿಮ್ಮ ಮನೇಲಿ ಇರೋ ಹಂಗಿಲ್ಲ."

ಅಂದು ಸಂಜೆಯಿಂದಲೇ ಇವರು ಚಾಪೆ ದಿಂಬು ತೆಗೆದುಕೊಂಡು ಅಂಗಡಿಗೆ ಮಲಗಲು ಹೋದರು. ನಮಗೆ ಮಕ್ಕಳಿಲ್ಲ. ಅಷ್ಟು ದೊಡ್ಡ ನಡುಮನೆಯಲ್ಲಿ ನಾನೊಬ್ಬಳೇ ಕೂತು ಒಬ್ಬಳಿಗೆ ಎಷ್ಟು ಅಕ್ಕಿ ಹಾಕಬೇಕೆಂದು ತಿಳಿಯದೆ ಇಬ್ಬರಿಗೂ ಮಾಡಿ, ಮಿಕ್ಕಿದ್ದನ್ನು ನೀರು ಹಾಕಿಟ್ಟೆ. ಎದುರು ಮನೆಯವರ ಪೂಜೆಗೆ ಹೋದರೆ ಅರಿಶಿನ ಕುಂಕುಮದ ತಟ್ಟೆ ನನ್ನ ಮುಂದೆ ಬಂದು ನಿಂತುಬಿಟ್ಟಿತು. ಕೊಡಬೇಕೋ ಬಿಡಬೇಕೋ ತಟ್ಟೆ ಹಿಡಿದಿದ್ದ ಸೊಸೆಗೆ ಗೊತ್ತಾಗಲಿಲ್ಲ, ಅವಳ ಅತ್ತೆಯ ಮುಖ ನೋಡಿದಳು, ಅತ್ತೆ ಗೋಡೆ ನೋಡಿದರು. ನಾನೇ ಕೈ ಚಾಚಿ ಇಟ್ಟುಕೊಂಡು ಎದ್ದು ಬಂದೆ. ನನ್ನ ಗಂಡ ಅದೇ ಹೊತ್ತಿನಲ್ಲಿ ಎರಡು ಬೀದಿ ಆಚೆ ಗಿರಾಕಿಗಳ ಮುಂದೆ ಹಲ್ಲು ಬಿಟ್ಟು ನಗುತ್ತಾ ಕೂತಿದ್ದರು. ಅಷ್ಟು ಅವಮಾನ ನನಗೆ ಎಂದೂ ಆಗಿರಲಿಲ್ಲ.

ನನಗೆ ಬೇಕಾಗಿದ್ದು ಒಂದೇ. ಆ ಬ್ರಿಡ್ಜ್ ಬದಲಾಗಬೇಕು, ನನ್ನ ಗಂಡ ನನ್ನ ಗಂಡನಾಗಿ ಮನೆಗೆ ಬರಬೇಕು. ಕರಿಬಸಯ್ಯ ಕೊಟ್ಟ ನಕಲನ್ನು ಬಟ್ಟೆಯಲ್ಲಿ ಸುತ್ತಿ ಅಂಗಡಿಗೆ ಒಯ್ದುಕೊಟ್ಟೆ. ನಾಳೆ ಹೋಗ್ತೀನಿ ಎಂದರು. ನಾಳೆ ಕೇಳಿದರೆ ಇವತ್ತು ಡಾಕ್ಟ್ರು ಬಿಜಿ ಎಂದರು. ಆಮೇಲೆ ಹಬ್ಬ ಕಳೀಲಿ ಎಂದರು, ಯಾವ ಹಬ್ಬವೋ. ಒಂದು ದಿನ ನಾನು ಊಟದ ಡಬ್ಬಿಯನ್ನು ಕುಕ್ಕಿ ಇಟ್ಟು ಕೇಳಿಯೇಬಿಟ್ಟೆ.

"ಏನ್ರೀ, ನಿಮಗೆ ಹಲ್ಲು ಬೇಕೋ ನಾನು ಬೇಕೋ?"

"ಅದೇನೇ ಹಂಗೆ ಕೇಳ್ತೀಯ. ಎರಡೂ ಬೇಕು. ಸ್ವಲ್ಪ ದಿನ ಇರ್ಲಿ ಕಣೆ. ನೋಡಿದೋರೆಲ್ಲ ಹತ್ತು ವರ್ಷ ಚಿಕ್ಕೋರಾಗಿದೀರಿ ಅಂತಾರೆ."

ಡಬ್ಬಿ ವಾಪಸು ತೆಗೆದುಕೊಂಡು ಬಂದೆ. ಆ ಮಧ್ಯಾಹ್ನ ಹಸಿದುಕೊಂಡಿರಲಿ, ಚೆಂದದ ಹಲ್ಲಿಗೆ ಕೆಲಸವಿಲ್ಲದಿರಲಿ ಎಂದು.

ಹೀಗಿರುವಾಗ ಒಂದು ದಿನ ಸರ್ವಮಂಗಳಮ್ಮ ಮನೆಗೆ ಬಂದರು. ಗುರುಶಾಂತಪ್ಪನವರ ಹೆಂಡತಿ. ಜೊತೆಗೆ ಮಗಳು ಹೇಮಾವತಿ, ಶಾಲೆಯಲ್ಲಿ ಟೀಚರ್. ಮೂವತ್ತನಾಲ್ಕೋ ಐದೋ ಇರಬೇಕು, ಬೈತಲೆಯ ಪಕ್ಕದಲ್ಲಿ ಒಂದೆಳೆ ಬಿಳಿ ಕೂದಲು. ತಾಯಿ ಮಗಳು ಈಗ ಆ ಹಲ್ಲು ನಮ್ಮದು ಎಂದು ಕೇಳಲು ಬಂದಿದ್ದಾರೆ ಎಂದುಕೊಂಡೆ. ಕಾಫಿಗೆ ಸಕ್ಕರೆಯನ್ನೂ ಕಡಿಮೆ ಹಾಕಿದೆ.

ಸರ್ವಮಂಗಳಮ್ಮ ಲೋಟ ಕೈಯಲ್ಲಿ ಹಿಡಿದುಕೊಂಡು, ಕುಡಿಯದೆ, ನೇರವಾಗಿ ಹೇಳಿದರು. ಹೇಮಾವತಿ ಬಸ್ ಕಂಡಕ್ಟರ್ ಒಬ್ಬನನ್ನು ಮೆಚ್ಚಿದ್ದಳು. ಗುರುಶಾಂತಪ್ಪನವರು ಹಟ ಹಿಡಿದು ಅಚ್ಚಿನ ಮನೆಗೆ ಹೋಗಿ ಕಪ್ಪು ಮೇಣ ಕಚ್ಚಿ ಬಂದರು. ತಿಂಗಳೊಳಗೆ ಸತ್ತರು. ಕಚ್ಚಿದವರೇ ಬಂದು ಹಳದಿ ಕಚ್ಚದ ಹೊರತು ಕಪ್ಪು ಬಿಲ್ಲೆ ರದ್ದಾಗುವುದಿಲ್ಲ. ಕಂಡಕ್ಟರ್ ಬೇರೆ ಯಾರನ್ನೂ ಮದುವೆಯಾಗದೆ ಎಂಟು ವರ್ಷದಿಂದ ಅದೇ ರೂಟಿನ ಬಸ್ಸಿನಲ್ಲಿದ್ದಾನೆ, ಹೇಮಾವತಿ ದಿನಾ ಅದೇ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಾಳೆ.

"ನಿಮ್ಮ ಯಜಮಾನರ ಹತ್ರ ಅವರ ಹಲ್ಲಿದೆ ದಾಕ್ಷಾಯಣಮ್ಮ. ಒಂದೇ ಒಂದು ಸಲ ಕಚ್ಚಿಸಿಬಿಡಿ. ಆಮೇಲೆ ಆ ಹಲ್ಲು ಕೀಳಿಸ್ತೀರೋ ಒಡೆಸ್ತೀರೋ ನಂಗೇನೂ ಆಗ್ಬೇಕಾಗಿಲ್ಲ."

ನನ್ನ ಎದೆ ಹಗುರವಾಯಿತು. ಸಕ್ಕರೆ ಡಬ್ಬಿ ತಂದು ಮುಂದಿಟ್ಟೆ. "ಅಷ್ಟೇ ತಾನೇ, ಇವರನ್ನ ಕೇಳ್ತೀನಿ" ಎಂದೆ.

"ಅವರು ಆಗಲೇ ಒಪ್ಪಿದಾರಲ್ಲ" ಎಂದಳು ಹೇಮಾವತಿ. "ನಿನ್ನೆ ಅಂಗಡಿಗೆ ಹೋಗಿದ್ವಿ ಆಂಟಿ. ಆದ್ರೆ ಕರಿಬಸಯ್ಯನವರು ಒಂದು ಮಾತು ಹೇಳಿದ್ರು. ಒಬ್ಬ ಮನುಷ್ಯನಿಗೆ ಎರಡು ಕಚ್ಚು ಇರೋ ಹಂಗಿಲ್ಲವಂತೆ. ಅವರು ಅಪ್ಪನ ಹೆಸರಲ್ಲಿ ಕಚ್ಚಿದ್ರೆ ಶಿವನಂಜಪ್ಪನವರ ಬಿಲ್ಲೆಗಳೆಲ್ಲ ಕರಗಿಸಿಬಿಡ್ಬೇಕಂತೆ. ನಿಮ್ಮ ಮದುವೆ ಬಿಲ್ಲೇನೂ. ಅದಕ್ಕೆ ನೀವು ಹಳದಿ ಕಚ್ಚಬೇಕಂತೆ. ನೀವು ಬೇಡ ಅಂದ್ರೆ ಬೇಡ. ಅದನ್ನ ಹೇಳೋಕೇ ನಾನು ಬಂದೆ."

ಆ ಹುಡುಗಿ ತಲೆ ತಗ್ಗಿಸಿರಲಿಲ್ಲ, ಅಳಲೂ ಇಲ್ಲ. ಅತ್ತಿದ್ದರೆ ನಾನು ಸುಲಭವಾಗಿ ಆಗುವುದಿಲ್ಲ ಎನ್ನುತ್ತಿದ್ದೆನೇನೋ. ನನಗೆ ಸಿಟ್ಟು ಬಂದದ್ದು ಅವಳ ಮೇಲಲ್ಲ. ನಮ್ಮ ಮದುವೆ ಕರಗಿಸುವ ಮಾತಿಗೆ ಒಪ್ಪಿದ ಮನುಷ್ಯ, ಅದನ್ನು ನನಗೆ ಹೇಳುವ ಕೆಲಸವನ್ನು ಈ ಹುಡುಗಿಗೆ ಬಿಟ್ಟಿದ್ದರು. ತಾಯಿ ಮಗಳನ್ನು ಕಳಿಸಿ ಸೀದಾ ಅಂಗಡಿಗೆ ಹೋದೆ.

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

ಇವರು ಯಾವುದೋ ಮಗುವಿನ ಫೋಟೋಗೆ ಮೊಳೆ ಹೊಡೆಯುತ್ತಿದ್ದರು. "ಕೇಳೋದೇನಿದೆ? ನೀನು ಬೇಡ ಅಂತೀಯಾ? ಆ ಹುಡುಗಿ ಬಾಳು ಕಣೆ ಅದು. ಬಿಲ್ಲೆ ಕರಗಿದ್ರೆ ಕರಗ್ಲಿ, ಅವತ್ತೇ ಇನ್ನೊಂದು ಕಚ್ಚಿದ್ರಾಯ್ತು. ಎರಡು ನಿಮಿಷದ ಕೆಲಸ. ಹಲ್ಲೂ ಉಳಿಯುತ್ತೆ."

ಮಾತು ಸರಿಯಾಗಿಯೇ ಇತ್ತು. ಅದೇ ನನ್ನನ್ನು ಇನ್ನಷ್ಟು ಉರಿಸಿತು. ಇವರದು ಯಾವಾಗಲೂ ಹೀಗೇ. ಮಾಡುವುದನ್ನೆಲ್ಲ ಮಾಡಿ, ಕೊನೆಗೆ ಒಳ್ಳೆಯ ಕೆಲಸವೂ ಇವರದೇ ಆಗಿಬಿಡುತ್ತದೆ. ಬೇಡ ಎಂದವಳು ಕೆಟ್ಟವಳಾಗಿ ನಿಲ್ಲಬೇಕು.

ಗುರುವಾರ ಬೆಳಿಗ್ಗೆ ಎಲ್ಲರೂ ಅಚ್ಚಿನ ಮನೆಯಲ್ಲಿ ಸೇರಿದೆವು. ಕಂಡಕ್ಟರ್ ಖಾಕಿ ಬಟ್ಟೆಯಲ್ಲೇ ಬಂದು ಹೊರಗೆ ಜಗಲಿಯ ಮೇಲೆ ಕೂತಿದ್ದ. ಕರಿಬಸಯ್ಯ ನನ್ನ ಮುಂದೆ ಹಳದಿ ಮೇಣ ಒಂದು, ಕಪ್ಪು ಮೇಣ ಒಂದು ಇಟ್ಟರು. ಅಷ್ಟು ಜನರಲ್ಲಿ ಮಾತಾಡುವ ಹಕ್ಕು ನನ್ನೊಬ್ಬಳದೇ ಎಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಕಪ್ಪನ್ನು ಎತ್ತಿಕೊಂಡು ಇವರ ಮುಖಕ್ಕೆ ಎಸೆಯಬೇಕೆಂದು ಬಹಳ ಅನ್ನಿಸಿತು. ಹೇಮಾವತಿಯ ಆ ಒಂದೆಳೆ ಬಿಳಿ ಕೂದಲು ನೋಡಿ ಹಳದಿ ಕಚ್ಚಿದೆ.

ಕರಿಬಸಯ್ಯ ನಮ್ಮ ಮದುವೆಯ ಬಿಲ್ಲೆಯನ್ನು ಸೌಟಿನಲ್ಲಿಟ್ಟು ಒಲೆಯ ಮೇಲೆ ಹಿಡಿದರು. ಮೂವತ್ತು ವರ್ಷದ್ದು ಒಂದು ಚಮಚ ಎಣ್ಣೆಯಷ್ಟು ಆಯಿತು. ಆಮೇಲೆ ಇವರು ಗುರುಶಾಂತಪ್ಪನವರಾಗಿ ಹಳದಿ ಕಚ್ಚಿದರು. ಕಪ್ಪು ಬಿಲ್ಲೆಯೂ ಸೌಟಿಗೆ ಹೋಯಿತು. ಹೊರಗೆ ಕಂಡಕ್ಟರ್ ಎದ್ದು ನಿಂತು, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತ.

"ಇನ್ನೊಂದಿದೆ" ಎಂದರು ಕರಿಬಸಯ್ಯ. "ಈಗ ಇವರು ಲೆಕ್ಕಕ್ಕೆ ಸರ್ವಮಂಗಳಮ್ಮನವರ ಯಜಮಾನರು."

ಸರ್ವಮಂಗಳಮ್ಮ ಇವರನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. "ಒಬ್ಬರ ಜೊತೆ ಏಗಿದ್ದು ಸಾಕು" ಎಂದು ಕಪ್ಪು ಮೇಣ ಎತ್ತಿಕೊಂಡು ಗಟ್ಟಿಯಾಗಿ ಕಚ್ಚಿದರು. ಅಷ್ಟು ತೃಪ್ತಿಯಿಂದ ಯಾರಾದರೂ ಏನಾದರೂ ಕಚ್ಚಿದ್ದನ್ನು ನಾನು ನೋಡಿಲ್ಲ.

"ಸರಿ ಹಾಗಾದ್ರೆ" ಎಂದು ಇವರು ಕೈ ಕೊಡವಿಕೊಂಡರು. "ಕರಿಬಸಯ್ಯ, ಒಂದು ಮದುವೆ ಬಿಲ್ಲೆ ತೆಗೀರಿ. ಬಾರೆ, ಕಚ್ಚಿಬಿಡು, ಅಂಗಡಿ ತೆಗೀಬೇಕು."

ನಾನು ಸೆರಗು ಸರಿಮಾಡಿಕೊಂಡು, "ಇವತ್ತು ಬೇಡ" ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಮನೆಗೆ ನಡೆದೆ.

ಅಲ್ಲಿಂದ ಇವರ ಕಾಟ ಶುರುವಾಯಿತು. ದಿನಾ ಸಂಜೆ ದೀಪ ಹಚ್ಚುವ ಮೊದಲು ಬಂದು ಜಗಲಿಯ ಮೇಲೆ ಕೂರುವುದು. ಸುಮ್ನೆ ಬಂದು ಕಚ್ಚೇ ಎನ್ನುವುದು. ಜನ ಏನಂತಾರೆ ಎನ್ನುವುದು. ಅಂಗಡಿಯ ಕಲ್ಲುನೆಲದಲ್ಲಿ ಮಲಗಿ ಸೊಂಟ ಹಿಡಿದಿದೆ ಎನ್ನುವುದು. ಜನ ನಿಜಕ್ಕೂ ಅನ್ನುತ್ತಿದ್ದರು, ಆದರೆ ನನಗೆ ಅನ್ನುವವರು ಕಡಿಮೆಯಾಗಿದ್ದರು. ಎದುರು ಮನೆಯ ಅತ್ತೆಯೇ ಒಂದು ಸಂಜೆ ಬಂದು ಕುಂಕುಮ ಕೊಟ್ಟು, ಇನ್ನೂ ಸ್ವಲ್ಪ ದಿನ ಆಟ ಆಡಿಸಿ ಎಂದು ಹೋದರು.

"ನಿನಗೇನು ಬೇಕು ಹೇಳು ಮತ್ತೆ" ಎಂದು ಒಂದು ದಿನ ಇವರೇ ರೇಗಿದರು.

"ಏನೂ ಬೇಡ. ನೀವು ಏನು ಕೇಳ್ತಿದೀರಿ ಅಂತ ನಂಗೆ ತಿಳೀತಿಲ್ಲ, ಅಷ್ಟೇ."

"ಕೇಳೋದೇನು ಬಂತು, ನೀನು ನನ್ನ ಹೆಂಡ್ತಿ ಅಲ್ವಾ?"

"ಅಲ್ಲ" ಎಂದೆ. ಬಾಗಿಲು ಹಾಕಿಕೊಂಡೆ. ಒಳಗೆ ಬಂದು ಕೂತ ಮೇಲೆ, ಇವರು ಬೇಸತ್ತು ನಾಳೆ ಬರದೇ ಹೋದರೆ ಏನು ಗತಿ ಎಂದು ಭಯವಾಯಿತು. ಇವರು ಬೇಡ ಎಂದು ನನಗೆ ಒಂದು ಗಳಿಗೆಯೂ ಅನ್ನಿಸಿರಲಿಲ್ಲ. ಹಾಗೆ ಅನ್ನಿಸಿದ್ದರೆ ಇಷ್ಟು ಸಿಟ್ಟು ಯಾತಕ್ಕೆ ಬರಬೇಕು?

ಹೇಮಾವತಿಯ ಮದುವೆ ಆಯಿತು. ಧಾರೆ ಎರೆದವರು ಸರ್ವಮಂಗಳಮ್ಮನ ತಮ್ಮ. ಇವರು ಕರೆದವರಲ್ಲಿ ಒಬ್ಬರಾಗಿ ಮೂಲೆಯಲ್ಲಿ ನಿಂತು ಅಕ್ಷತೆ ಹಾಕಿದರು. ಊಟಕ್ಕೆ ಗಂಡಸರ ಪಂಕ್ತಿಯಲ್ಲಿ ಒಬ್ಬರೇ ಕೂತಿದ್ದರು. ಮುಂಬಲ್ಲು ಹೊಸದು ಎಂದೋ ಏನೋ, ಹೋಳಿಗೆಯನ್ನೂ ಚೂರು ಚೂರು ಮಾಡಿಕೊಂಡು ನಿಧಾನವಾಗಿ ತಿನ್ನುತ್ತಿದ್ದರು. ನೋಡಿ ನನಗೆ ಪಾಪ ಅನ್ನಿಸಿತು. ಅನ್ನಿಸಿತಲ್ಲ ಎಂದು ನನ್ನ ಮೇಲೇ ಬೇಸರವಾಯಿತು.

ಅಂದು ಸಂಜೆ ಜಗಲಿಗೆ ಬಂದವರು ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಡಾಕ್ಟ್ರನ್ನ ಕೇಳ್ದೆ. ಹಳೇ ನಕಲು ನನ್ನ ಹತ್ರಾನೇ ಇದೆ. ನೀನು ಹಂಗೇ ಇರ್ಲಿ ಅಂದ್ರೆ ಈ ಬ್ರಿಡ್ಜ್ ತೆಗೆಸಿ ಅದನ್ನೇ ಹಾಕಿಸ್ಕೋತೀನಿ" ಎಂದರು. ಆಮೇಲೆ ನೆಲ ನೋಡುತ್ತಾ, "ದಾಕ್ಷಾಯಣಿ, ನಿಂಗೆ ನನ್ನ ಜೊತೆ ಇರೋಕೆ ಇಷ್ಟ ಇದೆಯಾ?" ಎಂದರು.

ಮೊದಲ ಸಲ ನಾನು ಮೇಣ ಕಚ್ಚಿದಾಗ ನನಗೆ ಹತ್ತೊಂಬತ್ತು. ಕರಿಬಸಯ್ಯನವರ ತಂದೆ ಬಿಲ್ಲೆಯನ್ನು ಬಾಯಿಗೆ ಹಿಡಿದರು, ನನ್ನ ಸೋದರಮಾವ ಗದ್ದದ ಕೆಳಗೆ ಕೈಯಿಟ್ಟು ಮೇಲಕ್ಕೆ ಒತ್ತಿದರು. ಕಚ್ಚಾಯಿತು, ಆರತಿ ಆಯಿತು, ಊಟ ಆಯಿತು. ಇಷ್ಟವೋ ಎಂದು ಯಾರೂ ಕೇಳಲಿಲ್ಲ, ಕೇಳಬೇಕಿತ್ತು ಎಂದು ನನಗೂ ಗೊತ್ತಿರಲಿಲ್ಲ. ಈಗ ಕೇಳಿದವರ ಮುಂದೆ ನಿಂತು ನನಗೆ ಅಳು ಬಂದುಬಿಟ್ಟಿತು. ಅದನ್ನು ನೋಡಿ ಇವರು ಗಾಬರಿಯಾಗಿ, ಹಲ್ಲು ನಾಳೆಯೇ ತೆಗೆಸುತ್ತೇನೆ ಎಂದರು.

"ಹಲ್ಲು ಹಂಗೇ ಇರ್ಲಿ" ಎಂದೆ. "ಚೆನ್ನಾಗೇ ಇದೆ. ಬೆಳಿಗ್ಗೆ ಅಚ್ಚಿನ ಮನೆ ಹತ್ರ ಬನ್ನಿ, ಹೇಳ್ತೀನಿ."

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಕರಿಬಸಯ್ಯ ಹಳದಿ, ಕಪ್ಪು ಎರಡೂ ಮುಂದಿಟ್ಟು, ಹಿಡಿದುಕೊಳ್ಳಲು ಕೈ ಚಾಚಿದರು. ಬೇಡ, ನಾನೇ ಹಿಡಿದುಕೊಳ್ಳುತ್ತೇನೆ ಎಂದೆ. ಎರಡನ್ನೂ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತೆ. ಹೊರಗೆ ಕಂಡಕ್ಟರನ ಬಸ್ಸು ಹಾದುಹೋಯಿತು, ತರಕಾರಿ ಗಾಡಿ ಹೋಯಿತು, ಶಾಲೆಯ ಗಂಟೆ ಹೊಡೆಯಿತು. ಹಿಂದಿನಿಂದ ಇವರು ಅಂಗಡಿ ತೆಗೆಯಬೇಕು ಎಂದು ಅನ್ನಲಿಲ್ಲ. ಕಾಯುವುದು ಹೇಗಿರುತ್ತದೆಂದು ಚೆನ್ನಾಗಿ ಗೊತ್ತಾಗಲಿ ಎಂದು ಇನ್ನೂ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಹಳದಿ ಕಚ್ಚಿದೆ.